ಮಿರ್ಚಿ ಕಾಗದ ಹಾರಿದ ದಿಕ್ಕು

ಕೊಟ್ಟೂರು ತೇರಿಗೆ ಹರಪನಹಳ್ಳಿ ಕಡೆಯಿಂದ ಕಾರಿನಲ್ಲಿ ಹೊರಟವರಿಗೆ ಅವಸರ ಇರಬಾರದು. ದಾವಣಗೆರೆ ಸೀಮೆಯಿಂದ ನಡೆದು ಬರುವ ಪಾದಯಾತ್ರಿಗಳು ರಸ್ತೆ ತುಂಬ ಇರುತ್ತಾರೆ. ಅವರ ಹಿಂದೆ ಮೊದಲ ಗೇರಿನಲ್ಲೇ ತೆವಳಬೇಕು. ಇಪ್ಪತ್ತು ವರ್ಷ ದಾಟಿದ ನನ್ನ ಕಾರಿನ ರೋಗ ಎದ್ದು ಕೂರುತ್ತಿದ್ದುದೂ ಅಲ್ಲೇ. ಕೂಡ್ಲಿಗಿ ಹೈವೇಯಲ್ಲಿ ಎಂಬತ್ತರ ವೇಗದಲ್ಲಿ ಓಡಿಸಿದರೂ ಹೀಟ್ ಮುಳ್ಳು ಅರ್ಧ ದಾಟುತ್ತಿರಲಿಲ್ಲ. ಜನರ ಹಿಂದೆ ಹತ್ತು ನಿಮಿಷ ತೆವಳಿತೋ, ಕೆಂಪು ಗೆರೆ.

ಮಾಡಿಸದ ಔಷಧ ಇರಲಿಲ್ಲ. ಫ್ಯಾನಿನ ಮೋಟಾರ್ ಸುಟ್ಟಿದೆ ಎಂದು ಹರಪನಹಳ್ಳಿಯಲ್ಲಿ ಬೇರೊಂದು ಗಾಡಿಯಿಂದ ಬಿಚ್ಚಿದ ಮೋಟಾರ್ ಹಾಕಿಸಿದೆ. ಹೀಟ್ ನಿಲ್ಲಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ರೇಡಿಯೇಟರ್ ಕಟ್ಟಿದೆ ಎಂದರು, ರಾಡ್ ಹೊಡೆಸಿದೆ. ಹಡಗಲಿಯಲ್ಲೊಬ್ಬರು ಥರ್ಮೋಸ್ಟಾಟನ್ನೇ ಕಿತ್ತು ಕೈಗೆ ಕೊಟ್ಟರು. ಸುಮಾರು 82 ಡಿಗ್ರಿಗೆ ಒಳಗಿನ ಮೇಣ ಕರಗಿ ಹಿಗ್ಗಿ ನೀರಿಗೆ ದಾರಿ ಬಿಡುವ ಪುಟ್ಟ ಬಾಗಿಲು ಅದು. 1934ರಲ್ಲಿ ಸರ್ಜಿಯಸ್ ವರ್ನೆಟ್ ಎಂಬಾತ ಕಂಡುಹಿಡಿದ ಜಾಣ ಸಾಧನ. ನಮ್ಮ ಕಡೆ ಗಾಡಿ ಬಿಸಿಯಾದರೆ ಮೊದಲ ಶಿಕ್ಷೆ ಅದಕ್ಕೇ. ಕೊನೆಗೆ ಕೂಡ್ಲಿಗಿಯಲ್ಲಿ ಬಂದ ತೀರ್ಪು: "ಹೆಡ್ ಗ್ಯಾಸ್ಕೆಟ್ ಹೋಗೈತಿ. ಎಂಜಿನ್ ಬಿಚ್ಚಬೇಕು." ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಗ್ಯಾಸ್ಕೆಟ್ ಹೋಗಿದ್ದರೆ ಹೈವೇಯಲ್ಲೂ ಕುದಿಯಬೇಕಿತ್ತು, ನೀರು ಇಳಿಯಬೇಕಿತ್ತು, ಪಕ್ಕದ ಬಾಟಲಿಯಲ್ಲಿ ಗುಳ್ಳೆ ಏಳಬೇಕಿತ್ತು. ಒಂದೂ ಇರಲಿಲ್ಲ. ಓಡುವಾಗ ತಂಪು, ನಿಂತರೆ ಬಿಸಿ ಎಂದರೆ ಎದುರುಗಾಳಿ ಇಲ್ಲದಾಗ ಗಾಳಿ ಎಳೆಯಬೇಕಾದ ಫ್ಯಾನಿನ ಮೇಲೇ ಅನುಮಾನ ಬರಬೇಕು. ಆದರೆ ಫ್ಯಾನ್ ತಿರುಗುತ್ತಿತ್ತಲ್ಲ! ಅದರ ಗರ್ಜನೆ ಪ್ರತಿ ಗ್ಯಾರೇಜಿನಲ್ಲೂ ಕೇಳಿಸುತ್ತಿತ್ತು. "ಫ್ಯಾನ್ ಓಕೆ" ಎಂದು ಎಲ್ಲರೂ ಮುಂದಕ್ಕೆ ಹೋಗುತ್ತಿದ್ದರು, ನನ್ನನ್ನೂ ಸೇರಿಸಿ.

ಗುಟ್ಟು ಒಡೆದದ್ದು ಕೊಟ್ಟೂರಿನ ಹೊರಗೆ, ಬೇವಿನ ಮರದಡಿ. ಬಾನೆಟ್ ಎತ್ತಿ ನಿಂತಿದ್ದೆ. ಪಕ್ಕದಲ್ಲೇ ಒಬ್ಬ ನಡುವಯಸ್ಸಿನ ಮನುಷ್ಯ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ. ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವವನಂತೆ, ಕಾರಿನ ಕೆಲಸ ಗೊತ್ತಿಲ್ಲವಂತೆ. ಗಾಡಿಯ ಮುಂದೆ ಬಂದು ನಿಂತವನು ಮುಖ ಹಿಂದಕ್ಕೆ ಎಳೆದುಕೊಂಡ.

"ಮಖಕ್ಕ ಬಿಸಿ ಗಾಳಿ ಹೊಡೀತೈತಲ್ರಿ. ಒಳಗ ಎಳೀಬೇಕಲ್ಲ ಇದು?"

ಕೈಯಲ್ಲಿದ್ದ ಎಣ್ಣೆ ಕಾಗದವನ್ನು ಗ್ರಿಲ್ಲಿಗೆ ಹಿಡಿದು ಬಿಟ್ಟ. ಅಂಟಿಕೊಳ್ಳಬೇಕಾದ ಕಾಗದ ಹಾರಿ ರಸ್ತೆಗೆ ಬಿತ್ತು.

"ಉಲ್ಟಾ ತಿರುಗಾಕ ಹತ್ತೈತಿ. ಬೋರಿನಾಗೂ ಫೇಸ್ ಅದಲು ಬದಲಾದ್ರ ಹಿಂಗ. ಮೋಟ್ರು ಓಡ್ತೈತಿ, ನೀರೂ ಬರ್ತೈತಿ. ಕಮ್ಮಿ ಬರ್ತೈತಿ, ಅಷ್ಟ."

ಮಳೆ ನಂಬಲಾಗದ ಈ ಸೀಮೆಯಲ್ಲಿ ಬೋರ್‌ವೆಲ್ ಇಟ್ಟ ಪ್ರತಿ ರೈತನಿಗೂ ಗೊತ್ತಿರುವ ಪಾಠ. ನಾಲ್ಕು ಗ್ಯಾರೇಜು ಸುತ್ತಿದ ನನಗೆ ಮಾತ್ರ ಗೊತ್ತಿರಲಿಲ್ಲ.

ಹರಪನಹಳ್ಳಿಯಲ್ಲಿ ಹಾಕಿದ ಮೋಟಾರಿಗೆ ನನ್ನ ಗಾಡಿಯ ಸಾಕೆಟ್ ಕೂತಿರಲಿಲ್ಲ. ಎರಡು ವೈರು ಸುಲಿದು, ತಿರುಚಿ, ಟೇಪು ಸುತ್ತಿದ್ದರು. ಪ್ಲಸ್ ಮೈನಸ್ ಅದಲು ಬದಲಾಗಿತ್ತು. ಡಿಸಿ ಮೋಟಾರು ಇದಕ್ಕೆ ತಕರಾರು ಮಾಡುವುದಿಲ್ಲ, ಫ್ಯೂಸೂ ಹೋಗುವುದಿಲ್ಲ, ಸುಮ್ಮನೆ ಹಿಂದಕ್ಕೆ ತಿರುಗುತ್ತದೆ. ರೆಕ್ಕೆಯ ಬಾಗು ಮಾತ್ರ ಬದಲಾಗುವುದಿಲ್ಲವಲ್ಲ. ಹಾಗಾಗಿ ಗಾಳಿ ಕಡಿಮೆ, ಅದೂ ಎಂಜಿನ್ ಕಡೆಯ ಬಿಸಿ ಗಾಳಿ, ರೇಡಿಯೇಟರಿನ ಮೂಲಕ ಮುಂದಕ್ಕೆ. ಹೈವೇಯಲ್ಲಿ ಎದುರುಗಾಳಿಗೇ ನೀರು ತಣ್ಣಗಿರುತ್ತಿದ್ದುದರಿಂದ ಫ್ಯಾನು ಆನ್ ಆಗುವ ಪ್ರಸಂಗವೇ ಬರುತ್ತಿರಲಿಲ್ಲ.

ಅಸಲಿಗೆ ರೇಡಿಯೇಟರಿನ ಹಿಂದೆ ಫ್ಯಾನು ಬೇಕಾದದ್ದೇ ಇಂಥ ತೆವಳಾಟಕ್ಕೆ. 1900ರ ಕೊನೆಗೆ ವಿಲ್ಹೆಲ್ಮ್ ಮೈಬಾಕ್ ಎಂಬಾತ 35 ಅಶ್ವಶಕ್ತಿಯ ಮರ್ಸಿಡಿಸ್‌ಗೆ ಜೇನುಗೂಡಿನಂಥ ರೇಡಿಯೇಟರ್ ಕೂರಿಸಿದ. 8,070 ಸಣ್ಣ ಚೌಕ ಕೊಳವೆಗಳು. ನೀರು ಮಾತ್ರ 9 ಲೀಟರ್ ಸಾಕಾಯಿತು. ಅದರ ಹಿಂದೆ ಫ್ಯಾನನ್ನೂ ಇಟ್ಟ, ಗಾಡಿ ಮೆಲ್ಲಗೆ ಹೋಗುವಾಗಲೂ ಗಾಳಿ ಹಾಯಲೆಂದು. ಪಾದಯಾತ್ರಿಗಳ ಹಿಂದೆ ಹೋಗುವವರಿಗಾಗಿಯೇ ಇಟ್ಟಂತಿದೆ!

ಬ್ಯಾಟರಿಯ ವೈರು ಕಳಚಿ ಆ ರಿವೈಂಡಿಂಗ್ ಮನುಷ್ಯನೇ ಟೇಪು ಬಿಚ್ಚಿದ. ಕೀ ತೆಗೆದರೂ ಕೆಲವು ಕಾರುಗಳ ಫ್ಯಾನು ತಾನಾಗಿ ತಿರುಗಿಬಿಡುತ್ತದೆ. ಬೆರಳು, ಟವೆಲು ಹುಷಾರು. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದ ನನ್ನನ್ನೂ ಅವನು ಗದರಿಸಿದ. ಒತ್ತಡದಲ್ಲಿರುವ ನೀರು ನೂರು ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ, ಮುಚ್ಚಳ ತಿರುವಿದರೆ ಮುಖಕ್ಕೇ ಚಿಮ್ಮುತ್ತದೆ.

ವೈರು ಅದಲು ಬದಲು ಮಾಡಿ ಎಂಜಿನ್ ಶುರು ಮಾಡಿದೆವು. ಮುಳ್ಳು ಏರಿತು, ಫ್ಯಾನ್ ಆನ್ ಆಯಿತು, ಇನ್ನೊಂದು ಮಿರ್ಚಿ ಕಾಗದ ಗ್ರಿಲ್ಲಿಗೆ ಪಟ್ಟನೆ ಅಂಟಿತು. ಎರಡೇ ನಿಮಿಷಕ್ಕೆ ಮುಳ್ಳು ಇಳಿಯಿತು. ಥರ್ಮೋಸ್ಟಾಟನ್ನು ಮರುದಿನವೇ ವಾಪಸ್ ಹಾಕಿಸಿದೆ. ಅವನು ದುಡ್ಡು ಮುಟ್ಟಲಿಲ್ಲ. ಎರಡು ಪ್ಲೇಟ್ ಮಿರ್ಚಿಯ ಲೆಕ್ಕ ನಾನು ಕೊಟ್ಟೆ.