ಹಳೆಯ ಹಾಯಿದೋಣಿ: ಜೀರ್ಣೋದ್ಧಾರದ ವಿವೇಕ

ಜೀರ್ಣೋದ್ಧಾರವೆಂಬುದು ನಮ್ಮ ಜನಕ್ಕೆ ಹೊಸ ಮಾತಲ್ಲ. ಗುಡಿ, ಮಠ, ಕೆರೆ, ಕಟ್ಟೆಗಳು ಶಿಥಿಲವಾದಾಗ ಅವನ್ನು ನೇರ್ಪಡಿಸುವುದೋ, ಹೊಸತಾಗಿ ಕಟ್ಟುವುದೋ ಎಂಬ ಪ್ರಶ್ನೆ ಊರೂರಿನಲ್ಲಿಯೂ ಏಳುತ್ತದೆ. ಇದೇ ಪ್ರಶ್ನೆ ಹಾಯಿದೋಣಿಯಲ್ಲಿ ಸಂಚರಿಸಬಯಸುವವರನ್ನೂ ಕಾಡುತ್ತದೆ. ಅಗ್ಗವಾಗಿ ದೊರೆಯುವ ಹಳೆಯ ದೋಣಿಯನ್ನು ದುರಸ್ತಿಗೊಳಿಸುವುದು ಲೇಸೋ, ಹೆಚ್ಚು ಹಣ ತೆತ್ತು ಹೊಸದನ್ನು ಕೊಳ್ಳುವುದು ಲೇಸೋ? ಸೋರುವ ಮನೆಯಿಂದ ಹೊರಗೆ ಬಂದು ನಿಲ್ಲಬಹುದು. ಸೋರುವ ದೋಣಿಯಿಂದ ನಡುಗಡಲಿನಲ್ಲಿ ಎಲ್ಲಿಗೆ ಇಳಿಯುವುದು? ಆದುದರಿಂದ ಇಲ್ಲಿ ವಿವೇಕ ಇಮ್ಮಡಿಯಾಗಿ ಬೇಕು.

ಹಳೆಯ ದೋಣಿಯ ಬೆಲೆ ಕಡಿಮೆಯೆಂದು ಮರುಳಾಗಬಾರದು. ದೋಣಿಯ ವಯಸ್ಸು ಎಷ್ಟೇ ಆಗಿರಲಿ, ಹೊಸ ಹಾಯಿಗೂ, ಕೂವೆಮರವನ್ನು ಬಿಗಿದು ನಿಲ್ಲಿಸುವ ಉಕ್ಕಿನ ಹಗ್ಗಗಳಿಗೂ, ಎಂಜಿನ್ನಿಗೂ ತೆರಬೇಕಾದ ಬೆಲೆ ಒಂದೇ. ಇವೆಲ್ಲವನ್ನೂ ಬದಲಿಸಬೇಕಾಗಿ ಬಂದರೆ ವೆಚ್ಚವು ಕೊಂಡ ಬೆಲೆಯನ್ನು ಮೀರುವುದುಂಟು. ಮಾರುವಾಗ ಆ ಹಣ ಪೂರ್ತಿಯಾಗಿ ಹಿಂದಿರುಗುವುದು ವಿರಳ. ಹೊಸ ದೋಣಿಗಾದರೋ ತಯಾರಕರ ಖಾತರಿಯಿರುತ್ತದೆ; ಬಹುಕಾಲ ಕಾಯದೆ ಕಡಲಿಗಿಳಿಯಬಹುದು. ಆದರೆ ಮೊದಲ ಕೆಲವು ವರ್ಷಗಳಲ್ಲಿಯೇ ಅದರ ಬೆಲೆ ಬೇಗ ಇಳಿಯುತ್ತದೆ.

ಹಾಗಾದರೆ ಪರೀಕ್ಷಿಸಬೇಕಾದುದು ದೋಣಿಯ ವಯಸ್ಸನ್ನಲ್ಲ, ಅದರ ಅಸ್ಥಿಪಂಜರವನ್ನು. ಮರದ ದೋಣಿಯಲ್ಲಿ ತಳದ ದೂಲ, ಪಕ್ಕೆಲುಬುಗಳಂತೆ ನಿಂತ ಮರಗಳು, ಹಲಗೆಗಳನ್ನು ಬಿಗಿದ ಮೊಳೆಗಳು, ಈ ಮೂರನ್ನು ಮೊದಲು ನೋಡಬೇಕು. ಉಪ್ಪುನೀರಿಗಿಂತ ಮೇಲಿನಿಂದ ಇಳಿದು ಸಂದುಗಳಲ್ಲಿ ನಿಲ್ಲುವ ಮಳೆನೀರೇ ಮರವನ್ನು ಬೇಗ ಕೊಳೆಯಿಸುತ್ತದೆ. ಫೈಬರ್‌ಗ್ಲಾಸ್ ದೋಣಿಗಳ ಹೊರಮೈ ದೀರ್ಘಕಾಲ ಬಾಳುವುದಾದರೂ, ಅನೇಕ ದೋಣಿಗಳ ಮೇಲ್ತಟ್ಟಿನೊಳಗೆ ಹಗುರವಾದ ಮರದ ತಿರುಳಿರುತ್ತದೆ. ನೀರಿಳಿದರೆ ಅದು ಮೆತ್ತಗಾಗುತ್ತದೆ. ಚಿಕ್ಕ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿಯಾದ ಭಾಗ ಸ್ಪಷ್ಟವಾಗಿ ದನಿಗೊಡುತ್ತದೆ; ಕೆಟ್ಟ ಭಾಗದ ದನಿ ಮಂದವಾಗಿರುತ್ತದೆ. ಮಾರುವವನ ಮಾತನ್ನು ನೆಚ್ಚದೆ ಬಲ್ಲವರಿಂದ ಪರೀಕ್ಷೆ ಮಾಡಿಸುವುದೇ ಸರಿ.

ಇದಕ್ಕೆ ಭಾರತದಲ್ಲಿಯೇ ಹುಟ್ಟಿದ ನೌಕೆಯೊಂದು ಉತ್ತಮ ನಿದರ್ಶನ. ಆಂಗ್ಲ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರು 1963-64ರಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ 32 ಅಡಿ ಉದ್ದದ 'ಸುಹೈಲಿ'ಯನ್ನು ಕಟ್ಟಿಸಿದರು. ಒಬ್ಬಂಟಿಯಾಗಿ, ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತುವ ಸ್ಪರ್ಧೆ 1968ರಲ್ಲಿ ಏರ್ಪಟ್ಟಾಗ ಅವರೂ ಹೊಸ ನೌಕೆಯನ್ನೇ ಬಯಸಿದ್ದರು. ಹಣ ಒದಗಲಿಲ್ಲ, ಇದ್ದ ಸುಹೈಲಿಯಲ್ಲಿಯೇ ಹೊರಟರು. ದಾರಿಯಲ್ಲಿ ಅಡಿಯ ಸಂದು ಸೋರತೊಡಗಿದಾಗ ತಾವೇ ಕಡಲಿನಲ್ಲಿ ಮುಳುಗಿ ಹತ್ತಿಯನ್ನು ತುಂಬಿ, ತಾಮ್ರದ ಪಟ್ಟಿ ಬಡಿದು ಮುಚ್ಚಿದರು. ಸ್ಪರ್ಧೆಗಿಳಿದ 9 ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ. 312 ದಿನಗಳ ಆ ಯಾನ 1969ರ ಏಪ್ರಿಲ್ 22ರಂದು ಇಂಗ್ಲೆಂಡಿನ ಫಾಲ್ಮತ್‌ನಲ್ಲಿ ಮುಗಿಯಿತು.

ಆ ಬಳಿಕ ನಡೆದುದು ಇನ್ನೂ ಬೋಧಪ್ರದವಾಗಿದೆ. 1997ರಲ್ಲಿ ಸುಹೈಲಿಯನ್ನು ಗ್ರಿನಿಚ್‌ನ ವಸ್ತುಸಂಗ್ರಹಾಲಯದಲ್ಲಿ ಗೌರವದಿಂದ ಇರಿಸಲಾಯಿತು. ಮರದ ದೋಣಿಯ ಹಲಗೆಗಳು ನೀರುಂಡು ಉಬ್ಬಿ ಒಂದನ್ನೊಂದು ಬಿಗಿಯುತ್ತವೆ. ಒಣಗಾಳಿಯಲ್ಲಿ ಅವು ಕುಗ್ಗಿ ಸಂದು ಬಿಡುತ್ತವೆ. ಜಂಗಮವಾಗಿದ್ದ ನೌಕೆ ಸ್ಥಾವರವಾದೊಡನೆ ಕೆಡತೊಡಗಿತು. ಇದನ್ನು ಕಂಡು ನಾಕ್ಸ್-ಜಾನ್‌ಸ್ಟನ್ 2002ರಲ್ಲಿ ಅದನ್ನು ಹೊರತಂದು ಜೀರ್ಣೋದ್ಧಾರಕ್ಕೆ ತೊಡಗಿದರು. ತೇಗದ ಹಲಗೆ ಗಟ್ಟಿಯಾಗಿಯೇ ಇತ್ತು. ಅವನ್ನು ಕೂಡಿಸಿದ ಕಬ್ಬಿಣದ ಮೊಳೆಗಳು ತುಕ್ಕು ಹಿಡಿದಿದ್ದವು. ಅವನ್ನು ತೆಗೆದು ಕಂಚಿನವನ್ನು ಜಡಿದುದರಿಂದ ನೌಕೆ ಮತ್ತೆ ನೀರಿಗಿಳಿಯಿತು.

ಹೊಸದಾಗಿ ಕಟ್ಟುವವರೂ ಹಳೆಯದರಿಂದ ಕಲಿಯುವುದುಂಟು. ಆ ಸ್ಪರ್ಧೆಯ 50ನೆಯ ವರ್ಷದ ನೆನಪಿಗಾಗಿ 2018ರಲ್ಲಿ ನಡೆದ ಯಾನಕ್ಕೆ ಭಾರತೀಯ ನೌಕಾದಳದ ಅಭಿಲಾಷ್ ಟಾಮಿ ಅವರು ಸುಹೈಲಿಯ ಪ್ರತಿರೂಪವಾಗಿ ಗೋವೆಯಲ್ಲಿ ಕಟ್ಟಿದ 'ತುರೀಯ'ವನ್ನೇರಿ ಹೊರಟರು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹೊಸ ನೌಕೆಯ ಕೂವೆ ಮುರಿಯಿತು. ಬೆನ್ನಿಗೆ ಪೆಟ್ಟಾದ ಅವರನ್ನು ರಕ್ಷಿಸಿ ಕರೆತರಲಾಯಿತು. ಹಳೆಯ ಸುಹೈಲಿಯೂ 1989ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಕೂವೆಗಳನ್ನು ಕಳೆದುಕೊಂಡಿತ್ತು. ಕಡಲು ನೌಕೆಯ ವಯಸ್ಸನ್ನು ಕೇಳುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ತಳದ ದೂಲವೂ ಹಲಗೆಗಳೂ ದೃಢವಾಗಿದ್ದು, ಕೆಟ್ಟಿರುವುದು ಬದಲಿಸಬಹುದಾದ ಮೊಳೆ, ಹಗ್ಗ, ಹಾಯಿಗಳಷ್ಟೇ ಆಗಿದ್ದರೆ ಜೀರ್ಣೋದ್ಧಾರ ಸಾರ್ಥಕ. ಅದಕ್ಕೆ ಹಣದೊಡನೆ ದುಡಿಯುವ ಕೈಯೂ ಕಾಯುವ ತಾಳ್ಮೆಯೂ ಬೇಕು. ಅಸ್ಥಿಯೇ ಕೊಳೆತಿದ್ದರೆ, ಅಥವಾ ಒಡೆಯನಿಗೆ ಬಿಡುವಿಲ್ಲದಿದ್ದರೆ, ಹೊಸದನ್ನೇ ಕೊಳ್ಳುವುದು ಜಾಣತನ. ಯಾವುದನ್ನು ಆಯ್ದರೂ ವರ್ಷವರ್ಷದ ಪಾಲನೆಗೆ ಹಣವನ್ನೂ ಶ್ರಮವನ್ನೂ ತೆಗೆದಿಡಬೇಕು. ಒಮ್ಮೆ ಉದ್ಧರಿಸಿ ಮರೆತುಬಿಟ್ಟರೆ ಆ ಕಾರ್ಯವನ್ನು ಮತ್ತೆ ಮೊದಲಿನಿಂದಲೇ ಆರಂಭಿಸಬೇಕಾಗುತ್ತದೆ.