ಒಂದೇ ತಿಂಗಳು, ಏಳು ಪತ್ರಿಕೆ

1953ರ ಜೂನ್‌ನಲ್ಲಿ ಅಮೆರಿಕದ ಯಾವುದೇ ಪೇಪರ್ ಅಂಗಡಿ ಮುಂದೆ ನಿಂತು ವೈಜ್ಞಾನಿಕ ಕಥೆಗಳ ಮಾಸಿಕಗಳನ್ನು ತಿರುವಿಹಾಕಿದ್ದರೂ ಒಂದೇ ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು: ಫಿಲಿಪ್ ಕೆ. ಡಿಕ್. ಆ ತಿಂಗಳು ಏಳು ಪತ್ರಿಕೆಗಳಲ್ಲಿ ತನ್ನ ಕಥೆಗಳಿದ್ದವೆಂದು ಮುಂದೆ ಅವನೇ ನೆನೆದುಕೊಂಡಿದ್ದಾನೆ. ಆಗವನಿಗೆ 24 ವರ್ಷ. ಮೊದಲ ಕಥೆ ಅಚ್ಚಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಆ ವರ್ಷದ ಲೆಕ್ಕ ಸುಮಾರು 30 ಕಥೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಗ್ರಾಮಫೋನ್ ರೆಕಾರ್ಡ್ ಮಾರುತ್ತಿದ್ದ ಹುಡುಗ ಇವನು. ಅದೇ ಊರಿನಲ್ಲಿ ಸಂಪಾದಕ ಆಂಥನಿ ಬೌಚರ್ ಮನೆಯಲ್ಲೇ ಕಥೆ ಬರೆಯುವ ಪಾಠ ಹೇಳುತ್ತಿದ್ದ. 1951ರಲ್ಲಿ ಡಿಕ್ ಮಾರಿದ ಮೊದಲ ಕಥೆ ‘ರೂಗ್’ ಕೊಂಡವನೂ ಅವನೇ. ಕಥಾನಾಯಕ ಒಂದು ನಾಯಿ. ಕಸ ಒಯ್ಯಲು ಬರುವವರು ಅದರ ಕಣ್ಣಿಗೆ ಮನುಷ್ಯರೇ ಅಲ್ಲ. ಯಜಮಾನ ಜೋಪಾನವಾಗಿ ಡಬ್ಬಿಯಲ್ಲಿ ತುಂಬಿಟ್ಟದ್ದನ್ನು ಹೊತ್ತೊಯ್ಯುವ ಯಾವುದೋ ಭಯಂಕರ ಜಾತಿ. ಪಕ್ಕದ ಮನೆಯ ನಾಯಿ ಬೊಗಳುವುದನ್ನು ಕೇಳಿ ಹೊಳೆದ ಕಥೆಯಂತೆ. ತಮಾಷೆಯೆಂದರೆ, ಮೊದಲು ಮಾರಾಟವಾದ ಇದು ಅಚ್ಚು ಕಂಡದ್ದು 1953ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅದರ ತಮ್ಮಂದಿರು ಅಂಗಡಿಗೆ ಬಂದಾಗಿತ್ತು.

ಇಷ್ಟೊಂದು ಬರೆದದ್ದೇಕೆ? ಹೊಟ್ಟೆಪಾಡು. ಪದಕ್ಕೆ ಇಷ್ಟು ಸೆಂಟ್ ಎಂದು ಎಣಿಸಿ ಕೊಡುವ ಪತ್ರಿಕೆಗಳು ಅವು. ನಾಯಿ ಬೆಕ್ಕುಗಳಿಗೆಂದು ಮಾರುವ ಕುದುರೆ ಮಾಂಸ ತಂದು ಗಂಡ ಹೆಂಡತಿ ತಿಂದ ದಿನಗಳನ್ನೂ ಡಿಕ್ ಮುಚ್ಚಿಟ್ಟಿಲ್ಲ. ಅವಸರದ ಗುರುತು ಕಥೆಗಳಲ್ಲಿ ಇದೆ: ಹೆಂಗಸರ ಪಾತ್ರಗಳು ತೆಳು, ಸಂಭಾಷಣೆ ಒರಟು. ಆದರೆ ಕಲ್ಪನೆ ಮಾತ್ರ ಬಡವಾಗಿಲ್ಲ.

ಆ ಜೂನ್‌ನ ಬೆಳೆಯನ್ನೇ ನೋಡಿ. ‘ದ ಪ್ರಿಸರ್ವಿಂಗ್ ಮೆಷಿನ್’ನಲ್ಲಿ ಒಬ್ಬ ಮುದುಕ, ಒಳ್ಳೆಯ ಸಂಗೀತ ನಾಶವಾದೀತೆಂದು ಹೆದರಿ ಸ್ವರಲಿಪಿಗಳನ್ನು ಪ್ರಾಣಿಗಳಾಗಿ ಮಾರ್ಪಡಿಸುವ ಯಂತ್ರ ಮಾಡಿಸುತ್ತಾನೆ, ಕಾಡಿಗೆ ಬಿಟ್ಟ ಸಂಗೀತ ಕಾಡಿನ ಬುದ್ಧಿಯನ್ನೇ ಕಲಿಯುತ್ತದೆ. ರೆಕಾರ್ಡ್ ಅಂಗಡಿಯಲ್ಲಿ ನಿಂತವನಿಗಲ್ಲದೆ ಇದು ಯಾರಿಗೆ ಹೊಳೆದೀತು? ‘ಇಂಪೋಸ್ಟರ್’ನಲ್ಲಿ ಒಬ್ಬ ಮನುಷ್ಯನನ್ನು ‘ನೀನು ನೀನಲ್ಲ, ಹೊಟ್ಟೆಯಲ್ಲಿ ಬಾಂಬ್ ಇಟ್ಟುಕೊಂಡ ರೋಬೋ’ ಎಂದು ಹಿಡಿಯುತ್ತಾರೆ. ಅವನು ಹೆಂಡತಿಯ ಮುಂದೆ, ಗೆಳೆಯನ ಮುಂದೆ ತಾನು ತಾನೇ ಎಂದು ರುಜುವಾತು ಮಾಡಬೇಕು. ಮಾಡಲು ಹೊರಟಷ್ಟೂ ಓದುವವರಿಗೇ ಅನುಮಾನ. ಕೊನೆಯನ್ನು ನಾನು ಹೇಳುವುದಿಲ್ಲ.

ನನಗೆ ಇಷ್ಟವಾದದ್ದು ‘ಪೇಚೆಕ್’. ಎರಡು ವರ್ಷ ದುಡಿದ ಮೆಕ್ಯಾನಿಕ್ ಒಬ್ಬನ ನೆನಪನ್ನು ಕರಾರಿನ ಪ್ರಕಾರ ಅಳಿಸುತ್ತಾರೆ. ಸಂಬಳ ಕೇಳಿದರೆ, ‘ಹಣ ಬೇಡವೆಂದು ನೀನೇ ಬರೆದುಕೊಟ್ಟಿದ್ದೀಯ’ ಎನ್ನುತ್ತಾರೆ. ಕೈಗೆ ಸಿಗುವುದು ಒಂದು ಚೀಲ. ಒಳಗೆ ತುಂಡು ತಂತಿ, ಹರಿದ ಟಿಕೆಟ್, ಬಸ್ ಟೋಕನ್, ಹೀಗೆ ಏಳು ಚಿಲ್ಲರೆ ಸಾಮಾನು. ತಾನು ಮರೆತ ತಾನೇ ತನಗಾಗಿ ಆರಿಸಿಟ್ಟ ಇವುಗಳಲ್ಲಿ ಒಂದೊಂದೂ ಆಪತ್ತಿಗೆ ಒದಗುತ್ತದೆ. ಅರ್ಧ ಶತಮಾನದ ಮೇಲೆ, 2003ರಲ್ಲಿ, ಹಾಲಿವುಡ್ ಇದನ್ನು ದೊಡ್ಡ ಸಿನಿಮಾ ಮಾಡಿತು. ಡಿಕ್ ತೀರಿಕೊಂಡು ಆಗಲೇ 21 ವರ್ಷವಾಗಿತ್ತು.