ಸೂಪರ್‌ಚಾರ್ಜರ್ ಇರುವ ಎಂಜಿನ್‌ಗೆ ಎಂಥ ಕ್ಯಾಮ್‌ಶಾಫ್ಟ್ ಬೇಕು?

ಥರ್ಮೋಡೈನಮಿಕ್ಸ್ ಪಾಠ ಮುಗಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಎಂಜಿನ್‌ಗೆ ಸೂಪರ್‌ಚಾರ್ಜರ್ ಹಾಕಿ, ಜೊತೆಗೆ ರೇಸ್ ಕಾರಿನ ದೊಡ್ಡ ಕ್ಯಾಮ್ ಕೂಡ ಹಾಕಿದರೆ ಪವರ್ ಎರಡು ಪಟ್ಟು ಆಗುತ್ತಾ?" ತರಗತಿಯೆಲ್ಲ ನಕ್ಕಿತು. ಆದರೆ ಅದು ನಗುವಂಥ ಪ್ರಶ್ನೆಯಲ್ಲ. ಅಮೆರಿಕದಲ್ಲಿ ವಿ8 ಕಾರುಗಳನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳು ದಿನವೂ ಎದುರಿಸುವ ಪ್ರಶ್ನೆ ಅದು. ಉತ್ತರ ತಪ್ಪಿದರೆ ಹಣವೂ ಹೋಗುತ್ತದೆ, ಕೆಲವೊಮ್ಮೆ ಎಂಜಿನ್ನೂ ಹೋಗುತ್ತದೆ. ಅಂದು ಗಂಟೆ ಹೊಡೆದದ್ದರಿಂದ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಕ್ಯಾಮ್ ಮಾಡುವ ಕೆಲಸ

ಸಿಲಿಂಡರಿಗೆ ಎರಡು ಬಗೆಯ ಬಾಗಿಲುಗಳಿವೆ. ಗಾಳಿ ಒಳಬರಲು ಇನ್‌ಟೇಕ್ ವಾಲ್ವ್, ಹೊಗೆ ಹೊರಹೋಗಲು ಎಕ್ಸಾಸ್ಟ್ ವಾಲ್ವ್. ಇವುಗಳನ್ನು ಯಾವಾಗ, ಎಷ್ಟು, ಎಷ್ಟು ಹೊತ್ತು ತೆರೆಯಬೇಕೆಂದು ತೀರ್ಮಾನಿಸುವುದು ಕ್ಯಾಮ್‌ಶಾಫ್ಟ್. ಅದರ ಮೇಲಿನ ಮೊಟ್ಟೆಯಾಕಾರದ ಉಬ್ಬುಗಳಿಗೆ ಲೋಬ್ ಎನ್ನುತ್ತಾರೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ಒಂದು ಸುತ್ತು.

ಕ್ಯಾಮ್ ಆರಿಸುವಾಗ ನೋಡುವ ಅಳತೆಗಳು ಮುಖ್ಯವಾಗಿ ಮೂರು. ವಾಲ್ವ್ ಎಷ್ಟು ಎತ್ತರ ಏಳುತ್ತದೆ ಎಂಬುದು ಲಿಫ್ಟ್. ಕ್ರ್ಯಾಂಕ್‌ನ ಎಷ್ಟು ಡಿಗ್ರಿಗಳ ಕಾಲ ತೆರೆದಿರುತ್ತದೆ ಎಂಬುದು ಡ್ಯುರೇಶನ್. ಇನ್‌ಟೇಕ್ ಲೋಬ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ತುದಿಗಳ ನಡುವೆ ಇರುವ ಕೋನ ಲೋಬ್ ಸೆಪರೇಶನ್. ಇವುಗಳಿಂದ ಹುಟ್ಟುವ ನಾಲ್ಕನೆಯದೇ ಓವರ್‌ಲ್ಯಾಪ್, ಅಂದರೆ ಎರಡೂ ಬಾಗಿಲುಗಳು ಒಟ್ಟಿಗೆ ತೆರೆದಿರುವ ಅವಧಿ. ಇದನ್ನು ನೀವೇ ಲೆಕ್ಕ ಹಾಕಬಹುದು: ಎರಡು ಡ್ಯುರೇಶನ್‌ಗಳ ಸರಾಸರಿಯಿಂದ ಲೋಬ್ ಸೆಪರೇಶನ್‌ನ ಎರಡು ಪಟ್ಟನ್ನು ಕಳೆಯಿರಿ.

ರೇಸ್ ಕ್ಯಾಮ್‌ನ ಗುಟ್ಟು

ಬಸ್ಸು ವೇಗವಾಗಿ ಹೋದಾಗ ರಸ್ತೆ ಬದಿಯ ಒಣಗಿದ ಎಲೆಗಳು ಅದರ ಹಿಂದೆ ಓಡುವುದನ್ನು ನೋಡಿದ್ದೀರಿ. ಸೂಪರ್‌ಚಾರ್ಜರ್ ಇಲ್ಲದ ರೇಸ್ ಎಂಜಿನ್‌ನಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಆಗುತ್ತದೆ. ರಭಸದಿಂದ ಹೊರಹೋಗುವ ಹೊಗೆ ತನ್ನ ಹಿಂದೆ ಕಡಿಮೆ ಒತ್ತಡವನ್ನು ಉಂಟುಮಾಡಿ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದಕ್ಕಾಗಿ ಎರಡೂ ವಾಲ್ವ್‌ಗಳು ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರಬೇಕು. ಆದ್ದರಿಂದ ರೇಸ್ ಕ್ಯಾಮ್‌ನಲ್ಲಿ ಓವರ್‌ಲ್ಯಾಪ್ ಹೆಚ್ಚು. ಎರಡೂ ಡ್ಯುರೇಶನ್ 250 ಡಿಗ್ರಿ, ಲೋಬ್ ಸೆಪರೇಶನ್ 108 ಎಂದಿಟ್ಟುಕೊಳ್ಳಿ. 250ರಿಂದ 216 ಕಳೆದರೆ ಓವರ್‌ಲ್ಯಾಪ್ 34 ಡಿಗ್ರಿ.

ಸೂಪರ್‌ಚಾರ್ಜರ್ ಎಂದರೆ ಕ್ರ್ಯಾಂಕ್‌ಶಾಫ್ಟ್‌ನಿಂದ ಬೆಲ್ಟ್ ಮೂಲಕ ತಿರುಗುವ ಗಾಳಿಯ ಪಂಪು. ಇದು ವಾತಾವರಣಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ಗಾಳಿಯನ್ನು ಎಳೆಯುವ ಉಪಾಯ ಇಲ್ಲಿ ಅಷ್ಟಾಗಿ ಬೇಕಿಲ್ಲ. ಎರಡೂ ಬಾಗಿಲು ಬಹಳ ಹೊತ್ತು ತೆರೆದಿಟ್ಟರೆ ತಳ ತೂತಾದ ಕೊಡಕ್ಕೆ ಜೋರಾಗಿ ನಲ್ಲಿ ಬಿಟ್ಟಂತೆ. ಎಂಜಿನ್ ತನ್ನದೇ ಶಕ್ತಿ ಖರ್ಚುಮಾಡಿ ಒತ್ತಿದ ಗಾಳಿ ನೇರವಾಗಿ ಎಕ್ಸಾಸ್ಟ್‌ಗೆ ಹೋಗುತ್ತದೆ. ವಾಲ್ವ್‌ಗಿಂತ ಮೊದಲೇ ಪೆಟ್ರೋಲ್ ಬೆರೆಯುವ ಎಂಜಿನ್‌ನಲ್ಲಿ ಪೆಟ್ರೋಲ್ ಕೂಡ ಸುಡದೆ ಹೊರಬೀಳುತ್ತದೆ.

ಒಂದು ನಿಜವಾದ ಹೋಲಿಕೆ

ಜನರಲ್ ಮೋಟಾರ್ಸ್ ಕಂಪನಿಯ ಎರಡು ಎಂಜಿನ್‌ಗಳನ್ನು ನೋಡೋಣ. ಎರಡೂ 6.2 ಲೀಟರ್ ವಿ8. 2008ರ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್3ಗೆ ಸೂಪರ್‌ಚಾರ್ಜರ್ ಇಲ್ಲ. ಶಕ್ತಿ 430 ಅಶ್ವಶಕ್ತಿ. 2009ರ ಕ್ಯಾಡಿಲಾಕ್ ಸಿಟಿಎಸ್-ವಿ ಕಾರಿನ ಎಲ್‌ಎಸ್‌ಎಗೆ ಸೂಪರ್‌ಚಾರ್ಜರ್ ಇದೆ. ಶಕ್ತಿ 556 ಅಶ್ವಶಕ್ತಿ.

ಇವುಗಳ ಕ್ಯಾಮ್ ಅಳತೆಗಳನ್ನು ಲಿಫ್ಟರ್ 1.27 ಮಿ.ಮೀ. ಮೇಲೇರಿದ ಹಂತದಿಂದ ಲೆಕ್ಕ ಹಿಡಿಯುತ್ತಾರೆ. ಎಲ್‌ಎಸ್3ರಲ್ಲಿ ಇನ್‌ಟೇಕ್ 204, ಎಕ್ಸಾಸ್ಟ್ 211, ಲೋಬ್ ಸೆಪರೇಶನ್ 117 ಡಿಗ್ರಿ. ಎಲ್‌ಎಸ್‌ಎಯಲ್ಲಿ ಇನ್‌ಟೇಕ್ 198, ಎಕ್ಸಾಸ್ಟ್ 216, ಲೋಬ್ ಸೆಪರೇಶನ್ 122.5 ಡಿಗ್ರಿ.

126 ಅಶ್ವಶಕ್ತಿ ಹೆಚ್ಚು ಕೊಡುವ ಎಂಜಿನ್‌ನಲ್ಲಿ ಇನ್‌ಟೇಕ್ ಡ್ಯುರೇಶನ್ ಕಡಿಮೆ! ಓವರ್‌ಲ್ಯಾಪ್ ಲೆಕ್ಕ ಹಾಕಿದರೆ ಎಲ್‌ಎಸ್3ಗೆ ಮೈನಸ್ 26.5, ಎಲ್‌ಎಸ್‌ಎಗೆ ಮೈನಸ್ 38. ಮೈನಸ್ ಬಂದರೆ ಆ ಎತ್ತರದಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವುದೇ ಇಲ್ಲ ಎಂದರ್ಥ.

ಎಕ್ಸಾಸ್ಟ್ ಡ್ಯುರೇಶನ್ ಮಾತ್ರ ಹೆಚ್ಚಾಗಿದೆ. ಕಾರಣ ಸರಳ. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಹೊಗೆ ಹೊರಬರಬೇಕು. ಒಳಬರುವ ಗಾಳಿಯನ್ನು ತಳ್ಳಲು ಪಂಪ್ ಇದೆ, ಹೊರಹೋಗುವ ಹೊಗೆಗೆ ಅಂಥ ಸಹಾಯ ಇಲ್ಲ. ಸಾಲದ್ದಕ್ಕೆ ಎಕ್ಸಾಸ್ಟ್ ವಾಲ್ವ್ ಗಾತ್ರದಲ್ಲಿ ಚಿಕ್ಕದು. ಹಾಗಾಗಿ ಅದಕ್ಕೆ ಹೆಚ್ಚು ಸಮಯ ಕೊಡಬೇಕು.

ಕಾರ್ಖಾನೆಯವರು ಹೊಗೆ ನಿಯಮ, ಮೈಲೇಜ್ ಎಲ್ಲವನ್ನೂ ನೋಡಿ ಕ್ಯಾಮ್ ಮಾಡುತ್ತಾರೆ. ಹವ್ಯಾಸಿಗಳು ಇದಕ್ಕಿಂತ ದೊಡ್ಡ ಕ್ಯಾಮ್ ಹಾಕುವುದುಂಟು. ಆದರೆ ಅವರೂ ಸಾಮಾನ್ಯವಾಗಿ 112ರಿಂದ 118 ಡಿಗ್ರಿಯ ಅಗಲವಾದ ಲೋಬ್ ಸೆಪರೇಶನ್ ಮತ್ತು ಹೆಚ್ಚಿನ ಎಕ್ಸಾಸ್ಟ್ ಡ್ಯುರೇಶನ್ ಕಡೆಗೇ ಹೋಗುತ್ತಾರೆ.

ಆರಿಸುವ ಮೊದಲು ಕೇಳಬೇಕಾದದ್ದು

ಮೊದಲನೆಯದು, ಗಾಡಿ ಎಲ್ಲಿ ಓಡುತ್ತದೆ? ರಸ್ತೆಯ ಕಾರು ಹೆಚ್ಚಿನ ಹೊತ್ತು ಓಡುವುದು ಕಡಿಮೆ ಆರ್‌ಪಿಎಂನಲ್ಲಿ. ಓವರ್‌ಲ್ಯಾಪ್ ಅತಿಯಾದರೆ ಐಡಲ್‌ನಲ್ಲಿ ಎಂಜಿನ್ ಕುಂಟುತ್ತದೆ, ಇನ್‌ಟೇಕ್‌ನಲ್ಲಿ ವ್ಯಾಕ್ಯೂಮ್ ಕಡಿಮೆಯಾಗುತ್ತದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಆ ವ್ಯಾಕ್ಯೂಮ್‌ನಿಂದಲೇ. ಅದು ಸಾಲದಿದ್ದರೆ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ.

ಎರಡನೆಯದು, ಸೂಪರ್‌ಚಾರ್ಜರ್ ಯಾವ ಬಗೆಯದು? ರೂಟ್ಸ್ ಬಗೆಯದು ಕಡಿಮೆ ಆರ್‌ಪಿಎಂನಲ್ಲೇ ಒತ್ತಡ ಕೊಡುತ್ತದೆ. ಅದಕ್ಕೆ ಚಿಕ್ಕ ಕ್ಯಾಮ್ ಚೆನ್ನಾಗಿ ಹೊಂದುತ್ತದೆ. ಸೆಂಟ್ರಿಫ್ಯೂಗಲ್ ಬಗೆಯಲ್ಲಿ ವೇಗ ಹೆಚ್ಚಿದಂತೆಲ್ಲ ಒತ್ತಡ ಏರುತ್ತದೆ. ಅದಕ್ಕೆ ಡ್ಯುರೇಶನ್ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ.

ಮೂರನೆಯದು, ವಾಲ್ವ್ ಸ್ಪ್ರಿಂಗ್ ತಾಳುತ್ತದೆಯೇ? ಒತ್ತಡದ ಗಾಳಿ ಇನ್‌ಟೇಕ್ ವಾಲ್ವ್‌ನ ಬೆನ್ನನ್ನೂ ಒತ್ತುತ್ತದೆ. ವಾಲ್ವ್ ವ್ಯಾಸ 55 ಮಿ.ಮೀ., ಹೆಚ್ಚುವರಿ ಒತ್ತಡ 62 ಕಿಲೋಪಾಸ್ಕಲ್ ಎಂದರೆ ಬಲ ಸುಮಾರು 147 ನ್ಯೂಟನ್. ಹದಿನೈದು ಕಿಲೋ ಭಾರ ಇಟ್ಟಂತಾಯಿತು. ಸ್ಪ್ರಿಂಗ್ ಸೋತರೆ, ಅಥವಾ ಲಿಫ್ಟ್ ಹೆಚ್ಚಾಗಿ ಜಾಗ ಸಾಲದಿದ್ದರೆ, ವಾಲ್ವ್ ಪಿಸ್ಟನ್‌ಗೆ ಬಡಿಯಬಹುದು. ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು.

ಇನ್ನೊಂದು ಎಚ್ಚರಿಕೆ. ಕ್ಯಾಮ್ ಬದಲಿಸಿದ ಮೇಲೆ ಬೂಸ್ಟ್ ಮೀಟರ್ ಕಡಿಮೆ ತೋರಿಸಿದರೆ ಕೆಲವರು ಗಾಬರಿಯಾಗುತ್ತಾರೆ. ಮೀಟರ್ ತೋರಿಸುವುದು ಒತ್ತಡವನ್ನು, ಸಿಲಿಂಡರಿಗೆ ಹೋದ ಗಾಳಿಯ ಪ್ರಮಾಣವನ್ನಲ್ಲ. ದಾರಿ ಸುಗಮವಾದರೆ ಒತ್ತಡ ಇಳಿದೂ ಗಾಳಿ ಹೆಚ್ಚು ಹೋಗಬಹುದು; ಸೋರಿಹೋದರೂ ಒತ್ತಡ ಇಳಿಯಬಹುದು. ಎರಡರಲ್ಲಿ ಯಾವುದು ಎಂದು ತಿಳಿಯಲು ಡೈನೋ ಮೇಲೆ ಶಕ್ತಿಯನ್ನೇ ಅಳೆಯಬೇಕು.

ಹಾಗಾದರೆ ಆ ಹುಡುಗನ ಪ್ರಶ್ನೆಗೆ ಉತ್ತರ: ಇಲ್ಲ. ಎರಡು ಒಳ್ಳೆಯ ಭಾಗಗಳನ್ನು ಸೇರಿಸಿದ ಮಾತ್ರಕ್ಕೆ ಅವುಗಳ ಲಾಭ ಕೂಡುವುದಿಲ್ಲ. ಒಂದು ಭಾಗ ಬದಲಾದರೆ ಉಳಿದವೂ ಅದಕ್ಕೆ ಹೊಂದಬೇಕು. ಎಲ್‌ಎಸ್‌ಎಯಲ್ಲಿ ಕಂಪ್ರೆಶನ್ ರೇಶಿಯೋವನ್ನೂ 10.7ರಿಂದ 9.1ಕ್ಕೆ ಇಳಿಸಿದ್ದಾರೆ. ಯಾಕೆ ಎಂದು ನೀವೇ ಯೋಚಿಸಿ. ಅಡಿಯಾಬ್ಯಾಟಿಕ್ ಪ್ರಕ್ರಿಯೆಯ ಸಮೀಕರಣದಲ್ಲಿ ಸುಳಿವಿದೆ.

ಇದನ್ನು ಓದಿ ಯಾರೂ ಮನೆಯ ಗಾಡಿಗೆ ಕೈಹಾಕಬೇಡಿ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಲೆಕ್ಕ ಮಾಡಲು ಯಾವ ತಡೆಯೂ ಇಲ್ಲ. ಕಂಪ್ರೆಶನ್ ಪ್ರಶ್ನೆಗೆ ಉತ್ತರ ಹೊಳೆದವರು ಮಧ್ಯಾಹ್ನದ ಬಿಡುವಿನಲ್ಲಿ ಭೌತಶಾಸ್ತ್ರ ಲ್ಯಾಬ್‌ಗೆ ಬನ್ನಿ.